ಇಂದಿನ ಚಿಂತನೆ: ಜೀವಕೋಶ ಕೇಳುವ ಎರಡನೇ ಪ್ರಶ್ನೆ



ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವನು. ಕಳೆದ ವಾರ ರೋಗನಿರೋಧಕ ಶಕ್ತಿಯ ಪಾಠ ಮುಗಿಸಿ, ಸ್ಟಾಫ್ ರೂಮಿಗೆ ಬಂದು ಮಡಕೆಯಿಂದ ನೀರು ಕುಡಿದೆ. ನಾನು ಮುಟ್ಟುವ ಮಡಕೆಯ ನೀರು ಕುಡಿಯದೆ ಮನೆಯಿಂದಲೇ ಬಾಟಲಿ ತರುವ ಹಿರಿಯ ಸಹೋದ್ಯೋಗಿಯೊಬ್ಬರು ನಮ್ಮಲ್ಲಿದ್ದಾರೆ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಅಂದು ಅವರೇ ಮಾತು ತೆಗೆದರು. “ಸಾರ್, ನೀವೇ ಪಾಠ ಮಾಡ್ತೀರಲ್ಲ, ನಮ್ಮ ದೇಹಾನೇ ತನ್ನದು ಯಾವುದು, ಹೊರಗಿನದು ಯಾವುದು ಅಂತ ಭೇದ ಮಾಡುತ್ತೆ. ಹೊರಗಿನದನ್ನ ದೂರ ಇಡುತ್ತೆ. ಪ್ರಕೃತೀಲೇ ಇರೋದಕ್ಕೆ ಮನುಷ್ಯರನ್ನ ಯಾಕೆ ಬೈತೀರಿ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸಿಟ್ಟು ಮಾತ್ರ ಬಂತು. ರಾತ್ರಿ ಪುಸ್ತಕ ತೆಗೆದು ಕೂತೆ.

ಟಿ ಕೋಶ ಎಂಬುದು ನಮ್ಮ ಮೈಯಲ್ಲಿ ಕಾವಲು ಕಾಯುವ ಒಂದು ಬಗೆಯ ಬಿಳಿ ರಕ್ತಕಣ. ಇಡೀ ರೋಗಾಣುವನ್ನು ಗುರುತು ಹಿಡಿಯುವುದು ಅದಕ್ಕೆ ಆಗದು. ಡೆಂಡ್ರಿಟಿಕ್ ಕೋಶ ಎಂಬ ಇನ್ನೊಂದು ಕೋಶ ರೋಗಾಣುವನ್ನು ನುಂಗಿ, ಅದರ ಪ್ರೋಟೀನನ್ನು ಚೂರು ಮಾಡಿ, ಆ ಚೂರನ್ನು ಎಂಎಚ್‌ಸಿ ಎಂಬ ನಮ್ಮದೇ ಪ್ರೋಟೀನಿನ ಬೊಗಸೆಯಲ್ಲಿಟ್ಟು ಹೊರಮೈ ಮೇಲೆ ಹಿಡಿಯುತ್ತದೆ. ಹಾಗೆ ಹಿಡಿದುಕೊಂಡು ದುಗ್ಧರಸ ಗ್ರಂಥಿಗೆ ಬರುತ್ತದೆ. ಗಂಟಲು ನೋವು ಬಂದಾಗ ಕುತ್ತಿಗೆಯಲ್ಲಿ ಕೈಗೆ ಸಿಗುತ್ತವಲ್ಲ ಗಂಟುಗಳು, ಅವೇ. ಅಲ್ಲಿ ಟಿ ಕೋಶಗಳು ಒಂದೊಂದಾಗಿ ಬಂದು ಆ ಚೂರನ್ನೂ ಬೊಗಸೆಯನ್ನೂ ಒಟ್ಟಿಗೆ ಮುಟ್ಟಿ ನೋಡುತ್ತವೆ. ವೈರಸ್ಸಿನ ಗುರುತು ಸಿಗಬೇಕಾದರೆ ಸ್ವಂತ ಎಂಎಚ್‌ಸಿ ಅಲ್ಲಿರಲೇಬೇಕು ಎಂಬುದನ್ನು ಜಿಂಕರ್‌ನಾಗೆಲ್ ಮತ್ತು ಡೊಹರ್ಟಿ 1974ರಲ್ಲಿ ಆಸ್ಟ್ರೇಲಿಯಾದಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಬಂತು.

ಇಲ್ಲಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ಇಪ್ಪತ್ತು ವರ್ಷ ಈ ಪಾಠ ಮಾಡಿದ್ದೇನೆ, ಹೊಳೆದಿರಲಿಲ್ಲ. ಮುಟ್ಟದೆ ಗುರುತಿಸುವ ದಾರಿಯೇ ಟಿ ಕೋಶಕ್ಕಿಲ್ಲ. ಮೈಗೆ ಮೈ ತಾಗಬೇಕು. ಫಸ್ಸ ಇಲ್ಲದೆ ಅರಿವಿಲ್ಲ.

ಇನ್ನೂ ಮುಖ್ಯವಾದದ್ದು ಮುಂದಿದೆ. ಚೂರು ತನ್ನ ಗ್ರಾಹಕಕ್ಕೆ ಹೊಂದಿತು ಎಂದಮಾತ್ರಕ್ಕೆ ಹೊಸ ಟಿ ಕೋಶ ಕಾಳಗಕ್ಕೆ ಹೊರಡುವುದಿಲ್ಲ. ಅದಕ್ಕೆ ಎರಡನೇ ಸಂಕೇತ ಬೇಕು. ರೋಗಾಣುವಿನ ಲಕ್ಷಣವೋ ಮೈಯ ಊತಕಕ್ಕೆ ಆದ ಪೆಟ್ಟೋ ಕಂಡುಬಂದಾಗ ಡೆಂಡ್ರಿಟಿಕ್ ಕೋಶ ಬಿ7 ಎಂಬ ಪ್ರೋಟೀನನ್ನು ಹೆಚ್ಚಾಗಿ ಹೊರತರುತ್ತದೆ. ಟಿ ಕೋಶದ ಸಿಡಿ28 ಅದನ್ನು ಹಿಡಿದಾಗಲೇ ಕೋಶ ಎಚ್ಚೆತ್ತು ನೂರಾಗಿ ಸಾವಿರವಾಗಿ ಬೆಳೆಯುತ್ತದೆ. ಎರಡನೇ ಸಂಕೇತವಿಲ್ಲದೆ ಮೊದಲನೆಯದು ಮಾತ್ರ ಬಂದರೆ? ಆ ಕೋಶ ಸುಮ್ಮನಾಗಿಬಿಡುತ್ತದೆ, ಮುಂದೆ ಕರೆದರೂ ಸುಲಭಕ್ಕೆ ಏಳುವುದಿಲ್ಲ. ಅಂದರೆ ‘ಇದು ಹೊರಗಿನದೇ’ ಎಂಬ ಪ್ರಶ್ನೆಯ ಜೊತೆಗೆ ‘ಇದರಿಂದ ಹಾನಿ ಇದೆಯೇ’ ಎಂಬ ಪ್ರಶ್ನೆಯೂ ಇದೆ. ಧನುರ್ವಾಯುವಿನ ಲಸಿಕೆಯಲ್ಲಿ ಅಲ್ಯುಮಿನಿಯಂ ಲವಣ ಬೆರೆಸುವುದು ಇದಕ್ಕೇ. ಶುದ್ಧ ಮಾಡಿದ ಹೊರಗಿನ ಪ್ರೋಟೀನನ್ನು ಹಾಗೇ ಚುಚ್ಚಿದರೆ ದೇಹ ಅಷ್ಟಾಗಿ ಗಮನಿಸುವುದೇ ಇಲ್ಲ. ನಾವು ತಿನ್ನುವ ರಾಗಿ ಹೊರಗಿನದೇ, ಕರುಳಿನ ಬ್ಯಾಕ್ಟೀರಿಯಾ ಹೊರಗಿನವೇ. ತಾಯಿಯ ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅರ್ಧ ತಂದೆಯದು, ತಾಯಿಯ ಮೈಗೆ ಹೊರಗಿನದು. ಒಂಬತ್ತು ತಿಂಗಳು ಹೊತ್ತು ಸಾಕುತ್ತದೆ.

ಬೇರೆಯವರ ಕಿಡ್ನಿಯನ್ನು ದೇಹ ತಿರಸ್ಕರಿಸುತ್ತದಲ್ಲ ಎನ್ನಬಹುದು. ನಿಜ. ಆದರೆ ಒಡಹುಟ್ಟಿದವರ ಕಿಡ್ನಿಯನ್ನೂ ಅದು ತಿರಸ್ಕರಿಸಬಲ್ಲದು. ಒಂದೇ ತಂದೆತಾಯಿಯ ಮಕ್ಕಳಲ್ಲೂ ಎಂಎಚ್‌ಸಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಷ್ಟೇ. ಅಲ್ಲಿ ಕುಲ ನಡೆಯುವುದಿಲ್ಲ.

ಕಾಲಾಮರು ಭಗವಾನರ ಬಳಿ ಬಂದು, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾರನ್ನು ನಂಬುವುದು ಎಂದು ಕೇಳಿದ್ದು ನೆನಪಿದೆಯಲ್ಲ. ಪರಂಪರೆ ಎಂದು ಒಪ್ಪಬೇಡಿ, ಗುರು ಹೇಳಿದ ಎಂದು ಒಪ್ಪಬೇಡಿ, ಹಾನಿಗೂ ದುಃಖಕ್ಕೂ ಒಯ್ಯುತ್ತದೆಂದು ನೀವೇ ತಿಳಿದಾಗ ಬಿಡಿ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಯಾರ ಮಾತು, ಎಲ್ಲಿಂದ ಬಂತು ಎಂಬುದಲ್ಲ, ಏನು ಮಾಡುತ್ತದೆ ಎಂಬುದು ಅಳತೆ.

ಮರುದಿನ ಇಷ್ಟನ್ನೂ ಸಹೋದ್ಯೋಗಿಗೆ ಹೇಳಿದೆ. ತಾಳ್ಮೆಯಿಂದ ಕೇಳಿದರು. ಕೊನೆಗೆ “ಜೀವಕೋಶ ಬೇರೆ, ಸಮಾಜ ಬೇರೆ ಬಿಡಿ ಸಾರ್” ಎಂದರು. ನನಗೆ ನಗು ಬಂತು. “ಅದೇ ಸಾರ್, ನಾನೂ ಅದನ್ನೇ ಹೇಳೋದು. ಜೀವಕೋಶಾನ ಮೊದಲು ತಂದೋರು ನೀವು” ಎಂದೆ.

ಆದರೆ ಅವರ ಮಾತಿನಲ್ಲಿ ನನಗೂ ಒಂದು ಏಟಿತ್ತು. ಟಿ ಕೋಶ ಕಂಡದ್ದನ್ನೆಲ್ಲ ಕೊಲ್ಲುವಂಥದ್ದೇ ಆಗಿದ್ದರೆ ಅಸ್ಪೃಶ್ಯತೆ ಸರಿ ಎಂದು ನಾನು ಒಪ್ಪುತ್ತಿದ್ದೆನೇ? ಇಲ್ಲ. ಹಾಗಿದ್ದರೆ ರಾತ್ರಿಯೆಲ್ಲ ಕೂತು ಪ್ರಕೃತಿಯಿಂದ ಸಾಕ್ಷಿ ಹುಡುಕಿದ್ದೇಕೆ? ಧಮ್ಮದಲ್ಲಿ ದೇವರ ಜಾಗದಲ್ಲಿ ನೈತಿಕತೆ ಇದೆ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬರೆದರು. ಆ ಜಾಗಕ್ಕೆ ನಾನು ಜೀವಕೋಶವನ್ನು ತಂದು ಕೂರಿಸಲು ಹೊರಟಿದ್ದೆ. ಮನುಷ್ಯ ಮನುಷ್ಯನನ್ನು ಪ್ರೀತಿಸಬೇಕು ಎನ್ನುವುದಕ್ಕೆ ಲ್ಯಾಬ್ ರಿಪೋರ್ಟ್ ಬೇಕಿಲ್ಲ.

ಇನ್ನು ನನ್ನ ಸಿಟ್ಟು. ಎರಡನೇ ಪ್ರಶ್ನೆಯನ್ನು ಅದಕ್ಕೂ ಕೇಳಿಕೊಂಡೆ. ಆ ಬಾಟಲಿಯಿಂದ ಹಾನಿ ಇದೆಯೇ? ನನ್ನ ಸಂಬಳಕ್ಕೆ, ನನ್ನ ಪಾಠಕ್ಕೆ ಇಲ್ಲ. ಆದರೆ ನಮ್ಮ ಅಟೆಂಡರ್ ಹುಡುಗ, ನಮ್ಮ ಕೇರಿಯವನೇ, ಬಂದು ಆರು ತಿಂಗಳಾಗಿಲ್ಲ, ಅದನ್ನು ನೋಡಿ ನೋಡಿ ತಾನೂ ಮಡಕೆ ಮುಟ್ಟುವುದನ್ನು ಬಿಟ್ಟಿದ್ದಾನೆ. ಹೊರಗಿನ ನಲ್ಲಿಯಲ್ಲಿ ಬೊಗಸೆಯೊಡ್ಡಿ ಕುಡಿಯುತ್ತಾನೆ. ಇದನ್ನು ನಾನು ಈ ವಾರದವರೆಗೆ ಗಮನಿಸಿರಲಿಲ್ಲ. ಬಾಟಲಿ ಮಾತ್ರ ಕಾಣುತ್ತಿತ್ತು.

ಸೋಮವಾರ ಮಡಕೆ ತೊಳೆದು ನಾನೇ ನೀರು ತುಂಬಿಸಿದೆ. ಒಂದು ಲೋಟ ಅವನಿಗೆ ಕೊಟ್ಟೆ. “ಬೇಡ ಸರ್, ಆಮೇಲೆ” ಎಂದ. ಇನ್ನೊಂದು ಲೋಟ ನಾನು ಹಿಡಿದು ನಿಂತೆ. ಬಾಗಿಲ ಹತ್ತಿರ ನಿಂತೇ ಕುಡಿದ.

ಭಾನುವಾರದ ಅಧ್ಯಯನಕ್ಕೆ ಕಾಲಾಮ ಸುತ್ತ ಓದಿಕೊಂಡು ಬನ್ನಿ. ಅವನನ್ನೂ ಕರೆದಿದ್ದೇನೆ.

ಜೈ ಭೀಮ್. ನಮೋ ಬುದ್ಧಾಯ.