ಬಿಗಿದ ಕಡ್ಡಿ, ಬಾಗಿದ ಫೋರ್ಕು

ಸೈಕಲ್ ಚಕ್ರದ ಒಂದು ಕಡ್ಡಿಯನ್ನು ಬಿಚ್ಚಿ ಕೈಗೆ ತೆಗೆದುಕೊಳ್ಳಿ. ಎರಡು ಮಿಲಿಮೀಟರ್ ದಪ್ಪ, ಆರೇಳು ಗ್ರಾಂ ತೂಕ. ನೆಟ್ಟಗೆ ನಿಲ್ಲಿಸಿ ಮೇಲಿಂದ ಎರಡು ಮೂರು ಕಿಲೋ ಭಾರ ಹೇರಿದರೆ ಸಾಕು, ಬಳುಕಿಬಿಡುತ್ತದೆ. ಇಂಥ 32 ಕಡ್ಡಿಗಳನ್ನು ಹಬ್‌ಗೂ ರಿಮ್‌ಗೂ ನಡುವೆ ಹೆಣೆದರೆ, ಎಂಬತ್ತು ಕಿಲೋ ಮನುಷ್ಯ ಅದನ್ನು ನಂಬಿ ಬಂಡೆಯಿಂದ ಬಂಡೆಗೆ ಧುಮುಕುತ್ತಾನೆ. ಬಾಲ್ಯದಿಂದ ಸೈಕಲ್ ತುಳಿಯುತ್ತ ಬಂದವರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ. ನನಗೆ ಅನ್ನಿಸಿದ್ದು ಈಚೆಗೆ, ಗೇರಿಲ್ಲದ ಒಂದು ಮೌಂಟನ್ ಬೈಕಿಗೆ ಚಕ್ರ ಮತ್ತು ಫೋರ್ಕು ಆರಿಸಲು ಕೂತಾಗ.

ಗೇರು ಬೇಡವೆಂದ ಮೇಲೆ ಆಯ್ಕೆಗಳೇ ಕರಗಿಹೋಗುತ್ತವೆ. ಸರಪಳಿ ಸರಿಸುವ ಡಿರೇಲರ್ ಇಲ್ಲ, ಗೇರು ಬದಲಿಸುವ ಶಿಫ್ಟರ್ ಇಲ್ಲ, ಅವುಗಳ ಕೇಬಲ್ಲೂ ಇಲ್ಲ. ನೆಲವನ್ನು ಮುಟ್ಟುವುದು ಯಾವುದು, ದಾರಿ ತಿರುಗಿಸುವುದು ಯಾವುದು, ಈ ಎರಡೇ ದೊಡ್ಡ ಪ್ರಶ್ನೆಗಳು ಉಳಿಯುತ್ತವೆ. ಎರಡೇ ಉಳಿದದ್ದರಿಂದ ಅವನ್ನು ನಿಧಾನವಾಗಿ ನೋಡಲು ಪುರುಸೊತ್ತು ಸಿಕ್ಕಿತು.

ಎತ್ತಿನ ಗಾಡಿಯ ಚಕ್ರದಲ್ಲಿ ಮರದ ಅರಗಳು ಕಂಬದಂತೆ ನಿಂತು ಭಾರವನ್ನು ನೆಲಕ್ಕೆ ಒತ್ತುತ್ತವೆ. ಸೈಕಲ್ ಚಕ್ರದ ನ್ಯಾಯವೇ ಬೇರೆ. ಅಲ್ಲಿ ಪ್ರತಿ ಕಡ್ಡಿಯನ್ನೂ ಮೊದಲೇ ಸುಮಾರು 100 ಕಿಲೋ ಎಳೆತಕ್ಕೆ ಬಿಗಿದಿರುತ್ತಾರೆ. ನಾವು ಹತ್ತಿ ಕೂತಾಗ ನೆಲ ಮುಟ್ಟಿದ ಕಡೆ ರಿಮ್ಮು ಕಣ್ಣಿಗೆ ಗೊತ್ತಾಗದಷ್ಟು ತುಸುವೇ ಚಪ್ಪಟೆಯಾಗುತ್ತದೆ. ಅಲ್ಲಿನ ನಾಲ್ಕಾರು ಕಡ್ಡಿಗಳ ಬಿಗಿತ ಅಷ್ಟು ಕಡಿಮೆಯಾಗುತ್ತದೆ. ಉಳಿದವುಗಳಲ್ಲಿ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ. ಎಂದರೆ ನಮ್ಮ ಭಾರವನ್ನು ಹೊರುವುದು ಕೆಳಗಿನ ಕಡ್ಡಿಗಳೇ, ಆದರೆ ಒತ್ತಿ ಹಿಡಿದು ಅಲ್ಲ, ತಮ್ಮ ಬಿಗಿತವನ್ನು ಒಂದಿಷ್ಟು ಬಿಟ್ಟುಕೊಟ್ಟು. ಯೋಬ್ಸ್ಟ್ ಬ್ರಾಂಡ್ಟ್ ಎಂಬ ಎಂಜಿನಿಯರ್ 1981ರಲ್ಲಿ ‘ದಿ ಬೈಸಿಕಲ್ ವೀಲ್’ ಎಂಬ ಪುಸ್ತಕ ಬರೆದು ಇದನ್ನು ಲೆಕ್ಕ ಹಾಕಿ ತೋರಿಸಿದರು. ಇದನ್ನು ಒಪ್ಪದೆ, ಹಬ್ಬು ಮೇಲಿನ ಕಡ್ಡಿಗಳಿಂದ ನೇತಾಡುತ್ತಿದೆ ಎಂದು ವಾದಿಸುವವರು ಈಗಲೂ ಇದ್ದಾರೆ. ನನಗೆ ಲೆಕ್ಕ ಸರಿ ಅನ್ನಿಸುತ್ತದೆ. ಆದರೂ ಒಪ್ಪಿಕೊಂಡ ಮೇಲೂ ಬೆರಗು ಇಳಿಯುವುದಿಲ್ಲ.

ಇಂಥ ಚಕ್ರ ಮೊದಲು ಹೊಳೆದದ್ದು ಸೈಕಲ್ಲಿಗಾಗಿ ಅಲ್ಲ. 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ತಮ್ಮ ಹಾರುವ ಯಂತ್ರಕ್ಕೆ ಹಗುರವಾದ ಗಾಲಿ ಹುಡುಕುತ್ತಿದ್ದಾಗ, ಒತ್ತುವ ಅರಗಳ ಬದಲು ಎಳೆಯುವ ದಾರಗಳನ್ನು ಕಲ್ಪಿಸಿಕೊಂಡರು. ಆಗಿನ್ನೂ ಪೆಡಲ್ ತುಳಿಯುವ ಸೈಕಲ್ಲೇ ಹುಟ್ಟಿರಲಿಲ್ಲ. 1874ರಲ್ಲಿ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಹಬ್ಬಿನಿಂದ ನೇರ ಹೊರಡಿಸದೆ ಓರೆಯಾಗಿ, ಒಂದರ ಮೇಲೊಂದು ಹಾಯಿಸಿ ಹೆಣೆಯುವುದಕ್ಕೆ ಪೇಟೆಂಟ್ ಪಡೆದರು. ಪೆಡಲಿನ ತಿರುಚುಬಲ ರಿಮ್ಮಿಗೆ ತಲುಪುವುದು ಈ ಓರೆಯಿಂದ. ಇವತ್ತಿನ ದುಬಾರಿ ಚಕ್ರಗಳಲ್ಲೂ ಅದೇ ಹೆಣಿಗೆಯಿದೆ.

ಗೇರಿನ ಸೈಕಲ್ಲಿನ ಹಿಂದಿನ ಚಕ್ರವನ್ನು ಹಿಂಬದಿಯಿಂದ ನೋಡಿ. ಹಬ್ಬಿನ ಬಲಗಡೆ ಹತ್ತು ಹನ್ನೆರಡು ಹಲ್ಲುಚಕ್ರಗಳು ಜಾಗ ತಿಂದಿರುತ್ತವೆ. ಹಾಗಾಗಿ ಬಲಗಡೆಯ ಕಡ್ಡಿಗಳು ಬಹುಪಾಲು ಕಡಿದಾಗಿ ನಿಂತಿರುತ್ತವೆ, ಎಡಗಡೆಯವು ಓರೆಯಾಗಿ ಚಾಚಿರುತ್ತವೆ. ರಿಮ್ಮು ನಡುವೆ ನಿಲ್ಲಬೇಕಾದರೆ ಬಲಕ್ಕೆ ಬಿಗಿ ಹೆಚ್ಚು, ಎಡಕ್ಕೆ ಕಡಿಮೆ. ಎಡಗಡೆಯವು ಸಡಿಲಾಗುವುದು, ಮುರಿಯುವುದು ಈ ಕಾರಣಕ್ಕೆ. ಒಂದೇ ಹಲ್ಲುಚಕ್ರದ ಹಬ್ಬಿನಲ್ಲಿ ಬಲಗಡೆಯ ಜಾಗ ಮರಳಿ ಬರುತ್ತದೆ. ಎಡಕ್ಕೆ ಡಿಸ್ಕ್ ಬ್ರೇಕು, ಬಲಕ್ಕೆ ಒಂದು ಹಲ್ಲುಚಕ್ರ. ಎರಡು ಕಡೆಯ ಕಡ್ಡಿಗಳೂ ಹತ್ತಿರ ಹತ್ತಿರ ಒಂದೇ ಕೋನದಲ್ಲಿ, ಒಂದೇ ಬಿಗಿತದಲ್ಲಿ. ಏನನ್ನೋ ತೆಗೆದುಹಾಕಿದ್ದರಿಂದ ಚಕ್ರ ಬಲವಾಯಿತು! ಈ ಒಂದು ಸಂಗತಿಗಾಗಿಯೇ, ಗೇರಿನ ಹಬ್ಬಿಗೆ ಬಿಲ್ಲೆಗಳನ್ನು ತುಂಬಿ ಒಂಟಿ ಹಲ್ಲುಚಕ್ರ ಕೂರಿಸುವ ಅಗ್ಗದ ದಾರಿಯನ್ನು ನಾನು ಬಿಟ್ಟೆ. ಅದು ಓಡುತ್ತದೆ, ಆದರೆ ಸಿಕ್ಕಬಹುದಾಗಿದ್ದ ಸಮತೋಲ ಸಿಕ್ಕುವುದಿಲ್ಲ.

ನಮ್ಮೂರುಗಳ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ 28 ಇಂಚಿನ ಕಪ್ಪು ಸೈಕಲ್ಲುಗಳೂ ಒಂಟಿ ಗೇರಿನವೇ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಹೊರೆ ಹಿಂದೆ ಕೂರುತ್ತದೆಂದು ಎಂಟು ಕಡ್ಡಿ ಹೆಚ್ಚಿಟ್ಟ ಆ ವಿವೇಕಕ್ಕೆ ನನ್ನ ನಮಸ್ಕಾರ.

ಚಕ್ರದ ಅಳತೆಯ ಕಥೆ ಇನ್ನೊಂದು ರೀತಿ ಸೋಜಿಗ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಹತ್ತಿರ, ‘ರೀಪ್ಯಾಕ್’ ಎಂಬ ಮಣ್ಣಿನ ಇಳಿಜಾರಿನಲ್ಲಿ ಗೆಳೆಯರ ಒಂದು ಗುಂಪು ಪಂದ್ಯ ಶುರುಮಾಡಿತು. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುವ, ಒಂಟಿ ಗೇರಿನ ಹಳೆಯ ಸೈಕಲ್ಲುಗಳು ಅಲ್ಲಿ ಓಡಿದವು. ಇಳಿಯುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿತ್ತು, ಆ ಹೆಸರು ಬಂದದ್ದು ಅದರಿಂದ. ಆ ಸೈಕಲ್ಲುಗಳ ಚಕ್ರ 26 ಇಂಚು, ಏಕೆಂದರೆ ಶ್ವಿನ್ ಕಂಪನಿ 1933ರಲ್ಲಿ ತಂದ ದಪ್ಪ ಟೈರಿನ ಅಳತೆ ಅದು. ಮೌಂಟನ್ ಬೈಕುಗಳು ದಶಕಗಳ ಕಾಲ 26 ಇಂಚಿನಲ್ಲೇ ಓಡಿದ್ದು ಯಾರೋ ಲೆಕ್ಕ ಹಾಕಿದ್ದರಿಂದಲ್ಲ, ಕೈಗೆ ಸಿಕ್ಕಿದ್ದು ಅದಾದ್ದರಿಂದ. ಆಮೇಲೆ ಬಂದ 29 ಇಂಚಿನ ಚಕ್ರದ ರಿಮ್ಮೂ ಹೊಸದಲ್ಲ. ಡಾಂಬರು ರಸ್ತೆಯ ರೇಸ್ ಸೈಕಲ್ಲಿನ 622 ಮಿಲಿಮೀಟರ್ ವ್ಯಾಸದ ರಿಮ್ಮೇ ಅದು. 

ದೊಡ್ಡ ಚಕ್ರ ಬಂಡೆಯ ಅಂಚನ್ನು ಸಲೀಸಾಗಿ ಹತ್ತುತ್ತದೆ, ಉರುಳಿದ ವೇಗವನ್ನು ಉಳಿಸಿಕೊಳ್ಳುತ್ತದೆ. ಗೇರಿಲ್ಲದವನಿಗೆ ಉಳಿಸಿಕೊಂಡ ವೇಗವೇ ಗೇರು. 26 ಇಂಚಿಗೆ ಮುಂದೆ 32, ಹಿಂದೆ 16 ಹಲ್ಲು ಎಂಬ ರೂಢಿಯಿದ್ದರೆ, 29ಕ್ಕೆ ಹಿಂದೆ 18 ಹಾಕಿದರೆ ಸುಮಾರು ಅದೇ ಭಾರ ಕಾಲಿಗೆ ಬರುತ್ತದೆ. ಎರಡರಲ್ಲೂ ಪೆಡಲಿನ ಒಂದು ಸುತ್ತಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ದಾರಿ ಸಾಗುತ್ತದೆ. ಚಕ್ರ ಆರಿಸಿದ ಗಳಿಗೆಯಲ್ಲೇ ಗೇರನ್ನೂ ಆರಿಸಿರುತ್ತೇವೆ.

ಇನ್ನು ಫೋರ್ಕು. ಗೇರಿಲ್ಲದ ಸೈಕಲ್ಲಿನಲ್ಲಿ ಏರು ಬಂದರೆ ಸೀಟು ಬಿಟ್ಟು ಎದ್ದು, ಹ್ಯಾಂಡಲ್ಲನ್ನು ಎಳೆದು ತುಳಿಯಬೇಕು. ಸಸ್ಪೆನ್ಷನ್ ಫೋರ್ಕು ಆಗ ಪ್ರತಿ ತುಳಿತಕ್ಕೂ ಕುಸಿಯುತ್ತದೆ. ನಾನು ಗಡುಸಾದ ಉಕ್ಕಿನ ಫೋರ್ಕನ್ನೇ ಆರಿಸಿದೆ. ಆದರೆ ಉದ್ದ? 100 ಮಿಲಿಮೀಟರ್ ಕುಸಿಯುವ ಫೋರ್ಕಿಗೆಂದು ಮಾಡಿದ ಫ್ರೇಮಿನಲ್ಲಿ, ಸವಾರ ಕೂತಾಗಲೇ ಅದು ಇಪ್ಪತ್ತು ಇಪ್ಪತ್ತೈದು ಮಿಲಿಮೀಟರ್ ಇಳಿದಿರುತ್ತದೆ. ಗಡುಸು ಫೋರ್ಕು ಆ ಇಳಿದ ಉದ್ದಕ್ಕೆ ಸಮನಾಗಿರಬೇಕು. ಇಪ್ಪತ್ತು ಮಿಲಿಮೀಟರ್ ತಪ್ಪಿದರೆ ಮುಂಭಾಗದ ಕೋನ ಸುಮಾರು ಒಂದು ಡಿಗ್ರಿ ಬದಲಾಗಿ ಹ್ಯಾಂಡಲ್ ಸೋಮಾರಿಯಾಗುತ್ತದೆ, ಇಲ್ಲವೇ ಚಡಪಡಿಸುತ್ತದೆ. ಫೋರ್ಕಿನ ತುದಿ ಮುಂದಕ್ಕೆ ಬಾಗಿರುವುದು 44 ಮಿಲಿಮೀಟರೋ 51 ಮಿಲಿಮೀಟರೋ ಎನ್ನುವುದರಲ್ಲೂ ಅಷ್ಟೇ ಸೂಕ್ಷ್ಮವಿದೆ. ಬೆರಳಿನ ಅರ್ಧ ಅಗಲದ ಆ ವ್ಯತ್ಯಾಸ ತಿರುವಿನಲ್ಲಿ ಅಂಗೈಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಅಳೆದ ಮೇಲೂ, ಸೈಕಲ್ಲು ಏಕೆ ಬೀಳುವುದಿಲ್ಲ ಎಂಬುದಕ್ಕೆ ಸರಳ ಉತ್ತರವಿಲ್ಲ. ತಿರುಗುವ ಚಕ್ರದ ಗುಣವೆಂದು ಕೆಲವರು, ಹ್ಯಾಂಡಲ್ಲಿನ ಅಕ್ಷದ ಗೆರೆಗಿಂತ ಮುಂಚಕ್ರ ತುಸು ಹಿಂದೆ ನೆಲ ಮುಟ್ಟುವುದರಿಂದ ಎಂದು ಕೆಲವರು ಹೇಳುತ್ತಿದ್ದರು. 2011ರಲ್ಲಿ ಡೆಲ್ಫ್ಟ್, ಕಾರ್ನೆಲ್ ಮುಂತಾದ ಕಡೆಯ ಸಂಶೋಧಕರು ಇವೆರಡರ ಪ್ರಭಾವವೂ ಇಲ್ಲದಂತೆ ಒಂದು ವಾಹನ ಕಟ್ಟಿದರು. ತಳ್ಳಿಬಿಟ್ಟರೆ ಅದೂ ತಾನಾಗಿ ಸಮತೋಲ ಕಾಯ್ದುಕೊಂಡು ಓಡಿತು. ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ದಿನಾ ತುಳಿಯುವ ವಸ್ತುವಿನೊಳಗೆ ಇಷ್ಟು ಗುಟ್ಟು ಉಳಿದಿದೆ ಎಂಬುದು ನನಗೆ ತುಂಬಾ ಹಿಡಿಸಿದ ಸುದ್ದಿ.

ನೀವೂ ಇಂಥ ಸೈಕಲ್ಲು ಕಟ್ಟಿಸುವುದಾದರೆ ಫೋರ್ಕು ಸಾದಾ ಉಕ್ಕಿನದಿರಲಿ, ಉದ್ದ ಮಾತ್ರ ಸರಿಯಾಗಿ ಅಳೆಯಿರಿ. ಉಳಿದ ದುಡ್ಡನ್ನು ಹಿಂದಿನ ಚಕ್ರಕ್ಕೆ ಹಾಕಿ. ಒಂಟಿ ಗೇರಿನದೇ ಹಬ್ಬು, 32 ಕಡ್ಡಿ, ಕೈಯಲ್ಲೇ ಹೆಣೆಯುವ ಮೇಸ್ತ್ರಿ ಇವಿಷ್ಟೂ ಬೇಕು. ಅವರು ಕಡ್ಡಿ ಬಿಗಿಯುವಾಗ ಪಕ್ಕದಲ್ಲಿ ನಿಂತು ನೋಡಲು ಅನುಮತಿ ಕೇಳಿ.