ಇಳಿದ ಬೆಲೆಯ ಧರ್ಮ

ದೇವರಿಗೆ ಸಲ್ಲಿಸುವ ವಸ್ತುವಿನಲ್ಲಿ ಕುಂದಿರಬಾರದೆಂಬ ನಿಯಮ ಅನೇಕ ಧರ್ಮಗಳಲ್ಲಿದೆ. ಕೈಮುರಿದ ವಿಗ್ರಹ ಭಿನ್ನವಾಯಿತೆಂದು ಅದನ್ನು ಪೂಜೆಯಿಂದ ತೆಗೆಯುವ ರೂಢಿ ಕನ್ನಡ ನಾಡಿನ ಗುಡಿಗಳಲ್ಲಿದೆ; ಯೆಹೂದ್ಯರ ಯಾಜಕಕಾಂಡವು ಕುರುಡಾದ, ಅಂಗಭಂಗವಾದ ಪಶುವನ್ನು ಬಲಿಪೀಠಕ್ಕೆ ತರಬಾರದೆನ್ನುತ್ತದೆ; ಬಕ್ರೀದಿನ ಕುರ್ಬಾನಿಗೆ ಕುಂಟು ಎದ್ದು ಕಾಣುವ ಪ್ರಾಣಿಯಾಗಲಿ, ಒಕ್ಕಣ್ಣಿನ ಪ್ರಾಣಿಯಾಗಲಿ ಸಲ್ಲದು. ಆದರೆ ಇದೇ ಧರ್ಮಗಳ ಶಾಸ್ತ್ರಕಾರರು ಗುಡಿಯ ಮಾತು ಮುಗಿಸಿ ಸಂತೆಯ ಮಾತಿಗೆ ಬಂದಾಗ, ಕುಂದುಳ್ಳ ವಸ್ತುವನ್ನು ಮಾರಲೇಬಾರದು, ಕೊಳ್ಳಲೇಬಾರದು ಎಂದು ಕಟ್ಟಳೆ ಹಾಕಲಿಲ್ಲ. ಅಲ್ಲಿ ಅವರು ಕೇಳಿದ್ದು ಬೇರೆಯೇ ಪ್ರಶ್ನೆ: ಆ ಕುಂದು ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಬೇಕಿತ್ತು, ಮತ್ತು ಬೆಲೆ ಇಳಿಸಿದ ಮಾತ್ರಕ್ಕೆ ಅದನ್ನು ಹೇಳುವ ಹೊಣೆ ತೀರಿಹೋಗುತ್ತದೆಯೇ?

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಅಮೆರಿಕದ ಕಾರ್ ಬ್ಯಾಟರಿ ವ್ಯಾಪಾರದ ಒಂದು ಮೂಲೆ ಬಹಳ ಅನುಕೂಲವಾಗಿದೆ. ಅಲ್ಲಿನ ಬ್ಯಾಟರಿ ವಿತರಕರಲ್ಲಿ ಕೆಲವರು 'ಬ್ಲೆಮಿಶ್ಡ್', ಅಥವಾ ಬಾಯಿಮಾತಿನಲ್ಲಿ 'ಬ್ಲೆಮ್', ಎಂಬ ಹೆಸರಿನಲ್ಲಿ ಒಂದು ಬಗೆಯ ಸರಕನ್ನು ಹೊಸ ಬ್ಯಾಟರಿಗಿಂತ ಕಡಿಮೆ ಬೆಲೆಗೆ ಮಾರುತ್ತಾರೆ. ನಮ್ಮಲ್ಲಿ ಬಟ್ಟೆ, ಪಾತ್ರೆಗಳ ವಿಷಯದಲ್ಲಿ 'ಸೆಕೆಂಡ್ಸ್ ಮಾಲು' ಎನ್ನುವುದಕ್ಕೆ ಇದು ಹತ್ತಿರ. ವಾರಂಟಿ ಕೆಲವೇ ತಿಂಗಳು, ಇಲ್ಲವೇ ವಾರಂಟಿಯೇ ಇಲ್ಲ. ಹೆಸರು ಒಂದೇ ಆದರೂ ಅದರಡಿಯಲ್ಲಿ ಸೇರುವ ಸರಕು ಮಾತ್ರ ಒಂದೇ ಅಲ್ಲ: ಸಾಗಣೆಯಲ್ಲಿ ಹೊರಕವಚಕ್ಕೆ ಗೀರು ಬಿದ್ದದ್ದು ಅಥವಾ ಲೇಬಲ್ ಸೊಟ್ಟಗೆ ಅಂಟಿದ್ದು ಅಲ್ಲಿರಬಹುದು, ಮಾರಾಟವಾಗದೆ ಬಹುಕಾಲ ಗೋದಾಮಿನಲ್ಲಿ ಕುಳಿತದ್ದು ಇರಬಹುದು, ಯಾರೋ ಕೊಂಡು ಸ್ವಲ್ಪ ಕಾಲ ಬಳಸಿ ವಾಪಸ್ ಮಾಡಿದ್ದನ್ನು ಮತ್ತೆ ಚಾರ್ಜ್ ಮಾಡಿ, ಪರೀಕ್ಷಿಸಿ ಇಟ್ಟದ್ದೂ ಇರಬಹುದು. ಮನೆಖರ್ಚನ್ನು ಬಿಗಿಹಿಡಿದು ನಡೆಸುವವರಿಗೆ ಇದು ಒಳ್ಳೆಯ ಉಳಿತಾಯವೆಂಬುದರಲ್ಲಿ ಅನುಮಾನವಿಲ್ಲ. ಅನುಮಾನವಿರುವುದು, ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರು ಹೊದಿಸಿ ಮಾರುವುದರಲ್ಲಿ.

ಅವು ಹೇಗೆ ಬೇರೆಯೆಂಬುದನ್ನು ತಿಳಿಯಲು ಬ್ಯಾಟರಿಯ ಒಳಗೆ ತುಸು ಇಣುಕಬೇಕಾಗುತ್ತದೆ. ಕಾರಿನ ಸಾಮಾನ್ಯ ಬ್ಯಾಟರಿ ಸೀಸದ ಪ್ಲೇಟುಗಳನ್ನು ಗಂಧಕಾಮ್ಲದ ದ್ರಾವಣದಲ್ಲಿ ಮುಳುಗಿಸಿದ ಸಾಧನ. 1859ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ರೂಪಿಸಿದ ತತ್ತ್ವದ ಮೇಲೆಯೇ ಅದು ಇಂದಿಗೂ ನಡೆಯುತ್ತಿದೆ. ತಲಾ ಸುಮಾರು 2.1 ವೋಲ್ಟಿನ ಆರು ಸೆಲ್‌ಗಳು ಸಾಲಾಗಿ ಜೋಡಣೆಗೊಂಡು, ಪೂರ್ತಿ ಚಾರ್ಜ್ ಆದಾಗ ಒಟ್ಟು 12.6 ವೋಲ್ಟ್ ತೋರುತ್ತವೆ. ಬಳಸದೆ ಇಟ್ಟರೂ ಬ್ಯಾಟರಿ ತನ್ನಷ್ಟಕ್ಕೆ ನಿಧಾನವಾಗಿ ಡೌನ್ ಆಗುತ್ತದೆ. ಆ ಸ್ಥಿತಿಯಲ್ಲಿ ಬಹುದಿನ ಉಳಿದರೆ ಪ್ಲೇಟುಗಳ ಮೇಲೆ ಕೂತ ಸೀಸದ ಸಲ್ಫೇಟು ಗಟ್ಟಿ ಹರಳಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ಣವಾಗಿ ಕರಗುವುದಿಲ್ಲ. ಇದಕ್ಕೆ ಸಲ್ಫೇಷನ್ ಎಂದು ಹೆಸರು. ಇಂಥ ಬ್ಯಾಟರಿಯೂ ಚಾರ್ಜರಿನಿಂದ ಇಳಿಸಿದಾಗ ವೋಲ್ಟ್‌ಮೀಟರಿನಲ್ಲಿ ಚೆನ್ನಾಗಿಯೇ ಕಾಣಿಸಬಹುದು. ಅದರ ಬಲ ತಿಳಿಯಬೇಕಾದರೆ ಲೋಡ್ ಟೆಸ್ಟ್, ಅಂದರೆ ಭಾರ ಹಾಕಿ ನೋಡುವ ಪರೀಕ್ಷೆ, ಆಗಬೇಕು. ಬ್ಯಾಟರಿಯ ಮೇಲೆ 'ಸಿಸಿಎ' ಎಂಬ ಅಕ್ಷರಗಳ ಪಕ್ಕದಲ್ಲಿ ಮುದ್ರಿಸಿರುವ ಅಂಕಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ 30 ಸೆಕೆಂಡುಗಳ ಕಾಲ ವೋಲ್ಟೇಜು 7.2ಕ್ಕಿಂತ ಕೆಳಗಿಳಿಯದಂತೆ ಅದು ಕೊಡಬಲ್ಲ ಆಂಪಿಯರುಗಳ ಲೆಕ್ಕ. ಲೋಡ್ ಟೆಸ್ಟಿನಲ್ಲಿ ಅದರ ಅರ್ಧದಷ್ಟು ಕರೆಂಟನ್ನು 15 ಸೆಕೆಂಡು ಎಳೆದಾಗ, ಸುಮಾರು 21 ಡಿಗ್ರಿ ಉಷ್ಣತೆಯಲ್ಲಿ, ವೋಲ್ಟೇಜು 9.6ಕ್ಕಿಂತ ಕೆಳಗೆ ಬೀಳಬಾರದು. ಹೀಗೆ ಗೀರನ್ನು ಕಣ್ಣೇ ಕಾಣುತ್ತದೆ. ವಯಸ್ಸನ್ನು ಕವಚದ ಮೇಲೆ ಒತ್ತಿದ ಗುರುತಿನಿಂದ, ಎಷ್ಟೋ ಬಾರಿ ತಿಂಗಳಿಗೊಂದು ಅಕ್ಷರ, ವರ್ಷಕ್ಕೊಂದು ಅಂಕಿಯಾಗಿರುವ ಗುರುತಿನಿಂದ, ಓದಲು ಬಲ್ಲವರು ಓದಬಹುದು. ಒಳಗಿನ ಸವಕಳಿಯನ್ನು ಮಾತ್ರ ಉಪಕರಣವಿಲ್ಲದೆ ಯಾರೂ ಅರಿಯಲಾರರು, ಉಪಕರಣವಿದ್ದರೂ ಅದು ಇನ್ನೆಷ್ಟು ತಿಂಗಳು ಬಾಳುತ್ತದೆಂದು ಖಚಿತವಾಗಿ ಹೇಳಲಾರರು.

ಹದಿಮೂರನೆಯ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ತನ್ನ 'ಸುಮ್ಮಾ ಥಿಯೊಲಾಜಿಕಾ'ದಲ್ಲಿ, ಮಾರುವವನು ಸರಕಿನ ದೋಷವನ್ನು ಹೇಳಲೇಬೇಕೇ ಎಂಬ ಪ್ರಶ್ನೆಗೆ ಒಂದು ಇಡೀ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅವನ ಉತ್ತರ ನಾಜೂಕಾಗಿದೆ. ಒಕ್ಕಣ್ಣಿನ ಕುದುರೆಯಲ್ಲಿರುವಂತೆ ದೋಷವು ಬಹಿರಂಗವಾಗಿದ್ದು, ಮಾರುವವನು ಅದಕ್ಕೆ ತಕ್ಕಷ್ಟು ಬೆಲೆ ಇಳಿಸಿದ್ದರೆ, ಬಾಯಿಬಿಟ್ಟು ಹೇಳುವ ಹೊಣೆ ಅವನಿಗಿಲ್ಲ. ಏಕೆಂದರೆ ಹೇಳಿದರೆ ಕೊಳ್ಳುವವನು ನ್ಯಾಯಕ್ಕಿಂತ ಹೆಚ್ಚು ಇಳಿಸೆಂದು ಜಗ್ಗಬಹುದು. ಆದರೆ ದೋಷವು ಮರೆಯಲ್ಲಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಒದಗುವಂತಿದ್ದರೆ, ಕುಸಿಯುವ ಮನೆಯನ್ನು ಗಟ್ಟಿಮನೆಯೆಂದು ಮಾರಿದಂತೆ, ಸುಮ್ಮನಿರುವುದೇ ವಂಚನೆ. ಗೀರು ಬಿದ್ದ ಬ್ಯಾಟರಿ ಮೊದಲನೆಯ ಪಂಗಡಕ್ಕೆ ಸೇರುತ್ತದೆ, ಸಲ್ಫೇಷನ್ ಆದದ್ದು ಎರಡನೆಯದಕ್ಕೆ ಸೇರುತ್ತದೆ ಎಂದು ಇಲ್ಲಿಗೇ ಮುಗಿಸಬಹುದಿತ್ತು. ತೊಡಕೆಂದರೆ, ಅಂಗಡಿಯವನಿಗೂ ಒಳಗಿನ ಸ್ಥಿತಿ ಪೂರ್ತಿ ಗೊತ್ತಿರುವುದಿಲ್ಲ. ಗೊತ್ತಿಲ್ಲದ ದೋಷವನ್ನು ಹೇಳೆಂದು ಯಾವ ಶಾಸ್ತ್ರವೂ ಅವನನ್ನು ಒತ್ತಾಯಿಸಲಾರದು. ಆದರೂ ಅವನಿಗೆ ಗೊತ್ತಿರುವ ಒಂದು ಸಂಗತಿಯುಂಟು. ಆ ಬ್ಯಾಟರಿ ತನ್ನ ಶೆಲ್ಫಿಗೆ ಹೇಗೆ ಬಂತು, ಕಾರ್ಖಾನೆಯಿಂದ ನೇರವಾಗಿಯೋ, ಇನ್ನೊಬ್ಬರ ಬಾನೆಟ್ಟಿನಡಿಯಿಂದ ತಿರುಗಿಯೋ, ಎಂಬುದು ಅವನಿಗೆ ಗೊತ್ತಿದೆ. ಸರಕಿನ ಸ್ಥಿತಿ ತಿಳಿಯದವನೂ ಅದರ ಚರಿತ್ರೆಯನ್ನು ಬಲ್ಲ. ಅವನು ಹೇಳಬೇಕಾದದ್ದು ಆ ಚರಿತ್ರೆಯನ್ನು. ಅಕ್ವಿನಾಸನ ವಿಂಗಡಣೆಯಲ್ಲಿ ಈ ನಡುವಣ ಜಾಗಕ್ಕೆ ಸಾಕಷ್ಟು ಗಮನ ಸಿಕ್ಕಿಲ್ಲವೆಂದೇ ಹೇಳಬೇಕು.

ಇಸ್ಲಾಮಿನ ಹದೀಸ್ ಪರಂಪರೆಯ ಒಂದು ಪ್ರಸಂಗ ಈ ಜಾಗವನ್ನು ಕೈಯಿಂದಲೇ ಮುಟ್ಟಿ ತೋರಿಸುತ್ತದೆ. ಪ್ರವಾದಿ ಮುಹಮ್ಮದರು ಪೇಟೆಯಲ್ಲಿ ಕಾಳಿನ ರಾಶಿಯೊಂದರೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗುಲಿತೆಂದೂ, ಮಳೆ ತಾಕಿತೆಂದು ವ್ಯಾಪಾರಿ ಹೇಳಲು, ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಹಾಕಬಾರದಿತ್ತೇ ಎಂದು ಕೇಳಿ, ಮೋಸ ಮಾಡುವವನು ತಮ್ಮವನಲ್ಲವೆಂದರೆಂದೂ 'ಸಹೀಹ್ ಮುಸ್ಲಿಂ' ಸಂಗ್ರಹದಲ್ಲಿ ದಾಖಲಾಗಿದೆ. ಮಳೆ ವ್ಯಾಪಾರಿಯ ತಪ್ಪಲ್ಲ, ನೆನೆದ ಕಾಳನ್ನು ಮಾರುವುದೂ ತಪ್ಪಲ್ಲ. ಒಣಗಿದ್ದನ್ನು ಮೇಲೆ ಹರಡಿದ್ದು ತಪ್ಪು. 'ಬ್ಲೆಮ್' ಎಂಬ ಹೆಸರಿನ ವಿಚಿತ್ರವೇನೆಂದರೆ, ಅದು ಮೇಲಿನ ಗೀರನ್ನು ಎತ್ತಿ ತೋರಿಸಿ ಕೆಳಗಿನ ತೇವವನ್ನು ಮುಚ್ಚಬಲ್ಲದು. ಲೇಬಲ್ ಹರಿದದ್ದಕ್ಕೆ ಬೆಲೆ ಕಡಿಮೆಯಾಗಿದೆಯೆಂದು ಕೊಳ್ಳುವವನು ತಾನಾಗಿಯೇ ಊಹಿಸಿಕೊಂಡರೆ, ಅಂಗಡಿಯವನು ಒಂದು ಸುಳ್ಳನ್ನೂ ಆಡದೆಯೇ ಅವನು ಮೋಸಹೋಗಿರುತ್ತಾನೆ.

'ಇದ್ದ ಹಾಗೆಯೇ' ಕೊಂಡದ್ದು ಎಂಬ ಕರಾರು ಇದಕ್ಕೆ ಪರಿಹಾರವೇ? ಅಮೆರಿಕದ ರಾಜ್ಯಗಳು ಬಹುತೇಕ ಅಂಗೀಕರಿಸಿರುವ ಏಕರೂಪ ವಾಣಿಜ್ಯ ಸಂಹಿತೆಯ ಪ್ರಕಾರ, ಇಂಥ ಮಾತು ಸಾಮಾನ್ಯವಾಗಿ ಮಾರಾಟದೊಳಗೆ ಅಡಕವಾಗಿರುವ ವಾರಂಟಿಗಳನ್ನು ತೊಡೆದುಹಾಕುತ್ತದೆ. ಕೆಲವು ರಾಜ್ಯಗಳು ಮಾತ್ರ ಗ್ರಾಹಕರ ಹಿತಕ್ಕಾಗಿ ಇದಕ್ಕೆ ಮಿತಿ ಹಾಕಿವೆ. ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ಇದನ್ನು ಒಪ್ಪುತ್ತಿರಲಿಲ್ಲ. ಯಾವ ದೋಷ ಕಂಡರೂ ಹಿಂದಿರುಗಿಸುವುದಿಲ್ಲವೆಂಬ ಷರತ್ತಿನ ಮೇಲೆ ಕೊಂಡವನೂ ಹಿಂದಿರುಗಿಸಬಹುದು, ಮಾರುವವನು ದೋಷವನ್ನು ಹೆಸರಿಸಿ ಹೇಳಿದ್ದರೆ ಮಾತ್ರ ಆ ಹಕ್ಕು ಹೋಗುತ್ತದೆ ಎಂಬುದು ಅವನ ತೀರ್ಮಾನ. ಬಿಟ್ಟುಕೊಡುವವನಿಗೆ ತಾನು ಬಿಡುತ್ತಿರುವುದು ಏನೆಂದು ತಿಳಿದಿರಬೇಕೆಂಬುದು ಅದರ ಹಿಂದಿನ ತರ್ಕ. ಆಧುನಿಕ ಕಾಯಿದೆಗಿಂತ ಈ ನಿಲುವು ಹೆಚ್ಚು ಗಟ್ಟಿಯಾದ ನೆಲದ ಮೇಲೆ ನಿಂತಿದೆ. ಅರಿಯದೆ ಕೊಟ್ಟ ಸಮ್ಮತಿಯನ್ನು ಸಮ್ಮತಿಯೆಂದು ಕರೆದರೆ, ಸಹಿಯೊಂದೇ ಉಳಿದು ಅದರ ಹಿಂದಿನ ಮನಸ್ಸು ಲೆಕ್ಕಕ್ಕಿಲ್ಲದಂತಾಗುತ್ತದೆ.

ಕನ್ನಡ ನಾಡಿನ ನೆಲದಲ್ಲಿಯೂ ಇದೇ ಪ್ರಶ್ನೆಯ ವಿಚಾರಣೆ ನಡೆದಿತ್ತು. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿದ್ದವನು. ಆ ಸ್ಮೃತಿಯಲ್ಲಿ 'ಕ್ರೀತಾನುಶಯ', ಅಂದರೆ ಕೊಂಡ ಮೇಲೆ ಬರುವ ಪಶ್ಚಾತ್ತಾಪ, ಎಂಬ ವ್ಯವಹಾರಪದವಿದೆ. ಅಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸಲು ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೂಡುವ ಎತ್ತಿಗೆ ಐದು, ರತ್ನಕ್ಕೆ ಏಳು, ಕರೆಯುವ ಹಸುವಿಗೆ ಮೂರು ಎಂದು ಅವಧಿ ಗೊತ್ತುಮಾಡಲಾಗಿದೆ. (ಅದೇ ಪಟ್ಟಿಯಲ್ಲಿ ಮಾರಾಟಕ್ಕಿಟ್ಟ ಹೆಣ್ಣು ಗಂಡುಗಳಿಗೂ ಪರೀಕ್ಷೆಯ ಅವಧಿಯಿದೆ, ಕುಂದನ್ನು ಮುಚ್ಚಿಡಬಾರದೆನ್ನುವ ಗ್ರಂಥದ ಈ ಕುಂದನ್ನು ಮುಚ್ಚಿಡುವುದು ಸರಿಯಲ್ಲ.) ದೋಷವುಳ್ಳದ್ದನ್ನು ದೋಷವಿಲ್ಲದ್ದೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವೆಂದೂ ಅದೇ ಸ್ಮೃತಿ ಹೇಳುತ್ತದೆ. ಅವಧಿಗಳ ಈ ಏರುಪೇರನ್ನು ಗಮನಿಸಿದರೆ, ವಸ್ತುವು ತನ್ನ ದೋಷವನ್ನು ತಾನೇ ಹೊರಗೆಡಹಲು ಎಷ್ಟು ಕಾಲ ಬೇಕೋ ಅಷ್ಟು ಕಾಲವನ್ನು ಕೊಳ್ಳುವವನಿಗೆ ಕೊಡಬೇಕೆಂಬ ವಿವೇಕ ಅಲ್ಲಿ ಕೆಲಸಮಾಡಿದೆಯೆಂದು ತೋರುತ್ತದೆ: ಕಬ್ಬಿಣ ಅಂದೇ ತಿಳಿಯುತ್ತದೆ, ಬೀಜ ಮೊಳೆಯುವವರೆಗೆ ತಿಳಿಯದು.

ಈ ವಿವೇಕವನ್ನು ಬ್ಯಾಟರಿಗೆ ಅನ್ವಯಿಸಿದಾಗ ಅಲ್ಪಾವಧಿಯ ವಾರಂಟಿಯ ಒಳಗುಟ್ಟು ಬಿಚ್ಚಿಕೊಳ್ಳುತ್ತದೆ. ಬ್ಯಾಟರಿಯನ್ನು ಒಳಗಿಂದೊಳಗೆ ಸವೆಸುವುದು ಮುಖ್ಯವಾಗಿ ಬೇಸಗೆಯ ಶಾಖ. ಆದರೆ ಆ ಸವಕಳಿ ಬಯಲಾಗುವುದು ಚಳಿಗಾಲದಲ್ಲಿ. ಮಿನೆಸೋಟ, ಮಿಷಿಗನ್‌ಗಳಂಥ ಉತ್ತರದ ರಾಜ್ಯಗಳಲ್ಲಿ ಉಷ್ಣತೆ ಮೈನಸ್ 18ಕ್ಕೆ ಇಳಿದಾಗ ಬ್ಯಾಟರಿಯ ಬಲ ಅರ್ಧಕ್ಕಿಂತ ಕೆಳಗೆ ಕುಗ್ಗುತ್ತದೆ. ಎಂಜಿನ್ನಿನ ಆಯಿಲ್ ಮಂದವಾಗಿ, ಅದನ್ನು ತಿರುಗಿಸಲು ಬೇಕಾದ ಬಲ ಅದೇ ಹೊತ್ತಿಗೆ ಹೆಚ್ಚುತ್ತದೆ. ಮೇ ತಿಂಗಳಲ್ಲಿ ಮೂರು ತಿಂಗಳ ವಾರಂಟಿಯೊಂದಿಗೆ ಕೊಂಡ ಕುಂದಿನ ಬ್ಯಾಟರಿ ಆಗಸ್ಟಿನವರೆಗೆ ತಕರಾರಿಲ್ಲದೆ ನಡೆದು, ಜನವರಿಯ ಒಂದು ಬೆಳಗ್ಗೆ ಕೈಕೊಡಬಹುದು. ಸ್ಮೃತಿಕಾರನ ಅಳತೆಯಲ್ಲಿ ಇದು ಬೀಜಕ್ಕೆ ಕಬ್ಬಿಣದ ಅವಧಿ ಕೊಟ್ಟಂತೆ.

ಕೊಳ್ಳುವವನ ಧರ್ಮವನ್ನೂ ಶಾಸ್ತ್ರಗಳು ಮರೆತಿಲ್ಲ. ಹೀನರಿಂದ, ಗುಟ್ಟಾಗಿ, ತೀರಾ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಯಾಜ್ಞವಲ್ಕ್ಯನು ಕಳ್ಳನ ಸಾಲಿನಲ್ಲಿಯೇ ನಿಲ್ಲಿಸುತ್ತಾನೆ. ಜೈನರ 'ತತ್ತ್ವಾರ್ಥಸೂತ್ರ'ವು ಅಚೌರ್ಯ ವ್ರತದ ಅತಿಚಾರಗಳಲ್ಲಿ, ಅಂದರೆ ವ್ರತಕ್ಕೆ ತಾಗುವ ಕಳಂಕಗಳಲ್ಲಿ, ಕದ್ದು ತಂದ ಮಾಲನ್ನು ಕೊಳ್ಳುವುದನ್ನೂ ಒಳ್ಳೆಯದರ ಸೋಗಿನಲ್ಲಿ ಕೀಳುಮಾಲನ್ನು ಸಾಗಿಸುವುದನ್ನೂ ಒಟ್ಟಿಗೆ ಎಣಿಸುತ್ತದೆ. ಕಾರಣ ಹೇಳದ ಅಗ್ಗವನ್ನು ಕಾರಣ ಕೇಳದೆ ಕೊಂಡವನು ಆಮೇಲೆ ತಾನು ಅಮಾಯಕನೆಂದರೆ ಈ ಶಾಸ್ತ್ರಗಳು ನಂಬುವುದಿಲ್ಲ. ಹಾಗೆಂದು ಅಗ್ಗವೇ ಲೋಭವಲ್ಲ. ಶರಣ ಪರಂಪರೆಯ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದೇ ದಾಸೋಹ ನಡೆಸಿದವನು. ಅವನ ಹೆಂಡತಿ ಲಕ್ಕಮ್ಮ ಆಕ್ಷೇಪಿಸಿದ್ದು ಚೆಲ್ಲಿದ ಅಕ್ಕಿಯನ್ನು ತಂದದ್ದಕ್ಕಲ್ಲ, ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದದ್ದಕ್ಕೆ. ಗೀರು ಬಿದ್ದ ಮಾತ್ರಕ್ಕೆ ಎಲ್ಲರೂ ಒಲ್ಲೆನೆಂದರೆ ಬಾಳಿಕೆ ಬರುವ ಬ್ಯಾಟರಿಯೊಂದು ಅಕಾಲದಲ್ಲಿ ಸೀಸ ಕರಗಿಸುವ ಕುಲುಮೆಗೆ ಹೋಗುತ್ತದೆ. ಅದನ್ನು ಕೊಂಡು ಬಳಸುವವನು ಹಣದ ಜೊತೆಗೆ ಇನ್ನೂ ಏನನ್ನೋ ಉಳಿಸಿರುತ್ತಾನೆ. ಆದರೆ ಕವಚ ಬಿರುಕುಬಿಟ್ಟು ಆಮ್ಲ ಜಿನುಗುತ್ತಿದ್ದರೆ ಅದು ಅಂದದ ಕುಂದಲ್ಲ, ಯಾವ ಬೆಲೆಗೂ ಅದನ್ನು ಮಾರಬಾರದು. ಹಿಮದ ರಸ್ತೆಯಲ್ಲಿ ನಿಂತುಹೋದ ಕಾರಿನೊಳಗೆ ಕುಳಿತವರು ಯಾವ ರಿಯಾಯಿತಿಗೂ ಒಪ್ಪಿಗೆ ಕೊಟ್ಟವರಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ಎರಡು ಹೆಜ್ಜೆ ಇಟ್ಟಿದೆ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನಂತೆ, ಸರಕನ್ನು ಪರೀಕ್ಷಿಸಿ ಕೊಂಡವನು ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಬಗ್ಗೆ ಆಮೇಲೆ ದೂರುವಂತಿಲ್ಲ. ಗೀರಿಗೆ ಈ ಮಾತು ಸಲ್ಲುತ್ತದೆ, ಸಲ್ಫೇಷನ್ನಿಗೆ ಸಲ್ಲದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಹಳೆಯ, ಬಳಸಿದ ಅಥವಾ ದುರಸ್ತಿ ಮಾಡಿದ ಸರಕನ್ನು ಹೊಸದೆಂದು ಸುಳ್ಳಾಗಿ ಬಿಂಬಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಹೇಳಿ, ಬಿಲ್ ಕೊಡದಿರುವುದನ್ನೂ ಅದರಲ್ಲಿಯೇ ಸೇರಿಸಿದೆ. ಆದ್ದರಿಂದ ರಿಯಾಯಿತಿಯ ಬ್ಯಾಟರಿ ಕೊಳ್ಳುವವರು, ಊರು ಬೆಂಗಳೂರಾಗಲಿ ಮಿನಿಯಾಪೊಲಿಸ್ ಆಗಲಿ, ಬೆಲೆ ಇಳಿದದ್ದು ಗೀರಿಗೋ, ವಯಸ್ಸಿಗೋ, ಹಿಂದಿರುಗಿ ಬಂದದ್ದಕ್ಕೋ ಎಂಬುದನ್ನು ತಯಾರಾದ ತಿಂಗಳು ಮತ್ತು ಲೋಡ್ ಟೆಸ್ಟಿನ ಅಂಕಿಯ ಸಮೇತ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಮುಂದೆ ಆ ಕಾರನ್ನೇ ಮಾರುವ ದಿನ ಬಂದರೆ, ಅದೇ ಬಿಲ್ಲನ್ನು ಹೊಸ ಒಡೆಯನ ಕೈಗೆ ಕೊಡಬೇಕು.