ವೇಷವೂ ಹೆಜ್ಜೆಯ ಸಪ್ಪಳವೂ

ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಚಾಪೆ ಖಾಲಿ ಇದೆ. ಬೆಂಗಳೂರಿಂದ, ಮೈಸೂರಿಂದ ಬೆಳಗಿನ ಬಸ್ಸು ಹತ್ತಿ ಬಂದವರಿದ್ದೀರಿ, ಗುಂಡ್ಲುಪೇಟೆ ಕಡೆಯವರೂ ಇದ್ದೀರಿ. ಬೇಗ ಮುಗಿಸ್ತೀನಿ ಅಂತ ಸುಳ್ಳು ಹೇಳಲ್ಲ.

ಒಂದನೇ ಅರಸುಗಳು, 14ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ಓದೋರು ಫೋನೇ ತೆಗೆಯಿರಿ. ಇವತ್ತಿನ ವಿಷಯವೂ ಫೋನಿನದೇ.

ಯೌವನಸ್ಥರ ಕೂಟದ ಪ್ರಶ್ನೆ ಡಬ್ಬಿಯಲ್ಲಿ ಒಂದು ಚೀಟಿ ಸಿಕ್ಕಿತು. ಹೆಸರಿಲ್ಲ. "ಹುಡುಗ ಗೇಮ್‌ನಲ್ಲಿ ಹುಡುಗಿ ಕ್ಯಾರೆಕ್ಟರ್ ತಗೊಂಡು ಆಡಿದ್ರೆ ಪಾಪಾನಾ ಪಾಸ್ಟರ್? ಹುಡುಗಿ ಹುಡುಗನ ಕ್ಯಾರೆಕ್ಟರ್ ತಗೊಂಡ್ರೆ?" ಇದೇ ಪ್ರಶ್ನೆಗೆ ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟಿದ್ದೆ. ಧರ್ಮೋಪದೇಶಕಾಂಡ 22:5 ಓದಿದೆ, ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಮ್ಮನ ಕಡೆ ಕೈ ತೋರಿಸಿ, "ಇವನು ಗೇಮ್‌ನಲ್ಲಿ ಲಂಗ ಹಾಕ್ಕೊಂಡು ಓಡ್ತಾನಂತೆ" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮುಂದಿನ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಆ ಅರ್ಧ ನಿಮಿಷದ ಉತ್ತರವನ್ನು ಇವತ್ತು ನಿಧಾನವಾಗಿ ಮತ್ತೆ ಕೊಡ್ತೀನಿ.

ಹಿರಿಯರಿಗೆ ಒಂದು ಮಾತು. ಪಬ್‌ಜಿ ಅನ್ನೋ ಗೇಮನ್ನು ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧ ಮಾಡಿತು. ಮರುವರ್ಷ ಜುಲೈನಲ್ಲಿ ಅದೇ ಬೇರೆ ಹೆಸರಿನಲ್ಲಿ, ಬಿಜಿಎಂಐ ಅಂತ ಬಂತು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ರಸ್ತೆ ಮುಚ್ಚಿದ ಮೇಲೆ ಮದ್ದೂರು ಚೆಕ್‌ಪೋಸ್ಟ್ ಹತ್ತಿರ ಲಾರಿ ನಿಲ್ಲಿಸಿಕೊಂಡು, ಬೆಳಗ್ಗೆ ಆರರವರೆಗೆ ಕ್ಲೀನರ್ ಹುಡುಗರು ಆಡೋದೂ ಅದೇ, ನಿಮ್ಮ ಮಕ್ಕಳು ದುಪ್ಪಟಿ ಒಳಗೆ ಆಡೋದೂ ಅದೇ. ಆಟ ಶುರು ಮಾಡುವಾಗಲೇ ಗಂಡೋ ಹೆಣ್ಣೋ ಒಂದು ಆಕೃತಿ ಆರಿಸಿಕೊಳ್ಳಬೇಕು. ಅದರ ಬೆನ್ನು ನೋಡ್ಕೊಂಡೇ ಗಂಟೆಗಟ್ಟಲೆ ಆಡ್ತಾರೆ.

ಯಾಕೆ ತಮ್ಮದಲ್ಲದ ಆಕೃತಿ ತಗೊಳ್ತಾರೆ? ಈ ಸಲ ತೀರ್ಪು ಕೊಡೋಕೆ ಮುಂಚೆ ಕೇಳಿದೆ. ಬೈತೀನಿ ಅಂತ ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೇಳಿದರು. ಫ್ರೀ ಫೈರ್ ಆಡೋನೊಬ್ಬ, "ಕೆಲ್ಲಿ ಅನ್ನೋ ಹುಡುಗಿ ಬೇರೆಯವರಿಗಿಂತ ಜೋರಾಗಿ ಓಡ್ತಾಳೆ ಪಾಸ್ಟರ್, ಅದಕ್ಕೇ" ಅಂದ. ಅಷ್ಟೇ ಕಾರಣ. ಇನ್ನೊಬ್ಬನಿಗೆ ಹೆಣ್ಣಿನ ಬಟ್ಟೆಯಲ್ಲಿ ಬಣ್ಣ ಜಾಸ್ತಿ ಇರ್ತದೆ ಅಂತ. ಇನ್ನೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಹೊತ್ತು ಬೆನ್ನು ನೋಡಲೇಬೇಕಲ್ಲಾ, ಹುಡುಗೀದೇ ನೋಡೋಣ ಅಂತ" ಅಂದ. ಅವನಿಗೆ ಮತ್ತಾಯ 5ನೇ ಅಧ್ಯಾಯ ಓದಿಕೋ ಅಂದೆ, ಅವನಿಗೆ ಅರ್ಥವಾಯಿತು. ಅದು ಪಾತ್ರದ ಸಮಸ್ಯೆ ಅಲ್ಲ, ಕಣ್ಣಿನ ಸಮಸ್ಯೆ.

ಈಗ ಧರ್ಮೋಪದೇಶಕಾಂಡಕ್ಕೆ ಬರೋಣ. ಆ ವಾಕ್ಯವನ್ನು ನಾನು ತೆಗೆದುಹಾಕೋದಿಲ್ಲ, ತೆಗೆಯೋಕೆ ನಾನ್ಯಾರು? ದೇವರು ಗಂಡನ್ನು ಗಂಡಾಗಿ, ಹೆಣ್ಣನ್ನು ಹೆಣ್ಣಾಗಿ ಉಂಟುಮಾಡಿದನು, ಆ ಸೃಷ್ಟಿಯನ್ನು ಗೌರವಿಸಬೇಕು ಅನ್ನೋದು ನನ್ನ ನಂಬಿಕೆ. ಆದರೆ ಆ ಆಜ್ಞೆ ಮೈಮೇಲೆ ಹಾಕೋ ಉಡುಪಿನದು. ಪರದೆಯ ಮೇಲಿನ ಗೊಂಬೆ ನನ್ನ ಮೈ ಅಲ್ಲ. ಚೆಸ್ ಆಡೋರು ಇಲ್ಲಿದ್ದೀರಿ. ನಾವು ಮಂತ್ರಿ ಅನ್ನೋ ಕಾಯಿಯನ್ನು ಇಂಗ್ಲಿಷಿನವರು ರಾಣಿ ಅಂತಾರೆ. ನಮ್ಮ ಕಡೆಯಿಂದ ಮಂತ್ರಿಯಾಗಿ ಹೊರಟದ್ದು ಯೂರೋಪಿಗೆ ಹೋಗಿ ರಾಣಿ ಆಯಿತು. ರಾಣಿಯನ್ನು ನಡೆಸಿದ ಹುಡುಗನಿಗೆ ಯಾವ ಸಭೆಯೂ ಶಿಸ್ತು ಕ್ರಮ ತಗೊಂಡದ್ದನ್ನು ನಾನು ಕೇಳಿಲ್ಲ.

"ಚೆಸ್ ಕಾಯಿ ಮರದ್ದು ಪಾಸ್ಟರ್, ಇದು ಮನುಷ್ಯರ ಹಾಗೇ ಇರ್ತದಲ್ಲಾ" ಅಂತೀರಿ. ಸರಿ, ಮನುಷ್ಯರೇ ಹಾಕಿದ ವೇಷದ ಮಾತಾಡೋಣ. ನಮ್ಮ ತಾತ ತೆರಕಣಾಂಬಿ ಕಡೆಯ ಹಳ್ಳಿಯವರು. ರಕ್ಷಣೆ ಹೊಂದೋಕೆ ಮುಂಚೆ ಊರಿನ ಕುರುಕ್ಷೇತ್ರ ನಾಟಕದಲ್ಲಿ ದ್ರೌಪದಿ ಪಾರ್ಟು ಮಾಡೋರು. ಹೊಲ ಉತ್ತು ಒರಟಾದ ಕೈಗೆ ಬಳೆ ತೊಟ್ಟು, ಮೀಸೆ ಬೋಳಿಸಿ, ಹಾರ್ಮೋನಿಯಂ ಮೇಷ್ಟ್ರ ಪಕ್ಕ ನಿಂತು ಹಾಡಿದರೆ ಮುಂದೆ ಕೂತ ಹೆಂಗಸರು ಸೆರಗಲ್ಲಿ ಕಣ್ಣು ಒರೆಸ್ಕೊಳ್ಳೋರಂತೆ. ನಮ್ಮ ಸೀಮೆಗೆ ಇದು ಹೊಸದಲ್ಲ. ನಮ್ಮ ಜಿಲ್ಲೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು, ರಾಜ್‌ಕುಮಾರ್ ಅವರ ತಂದೆ, ಪಾತ್ರ ಮಾಡ್ತಿದ್ದ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಆ ಕಾಲದಲ್ಲಿ ರಂಗದ ಮೇಲೆ ಸೀತೆಯೂ ಗಂಡಸೇ, ದ್ರೌಪದಿಯೂ ಗಂಡಸೇ. ಆಮೇಲೆ ಗುಬ್ಬಿ ವೀರಣ್ಣನವರು ಹೆಂಗಸರನ್ನೇ ರಂಗಕ್ಕೆ ತಂದರು.

ಆದರೆ ಒಂದು ಗಮನಿಸಿ. ತಾತ ದ್ರೌಪದಿಯಾದಾಗ ಅದು ತಾತ ಅಂತ ಊರಿಗೆಲ್ಲ ಗೊತ್ತಿತ್ತು. ಯಾರಿಗೂ ಮೋಸ ಆಗಲಿಲ್ಲ. ಬೆಳಗ್ಗೆ ಬಣ್ಣ ತೊಳೆದು ಹೊಲಕ್ಕೆ ಹೋದರು. ನೋಡೋನಿಗೂ ಮಾಡೋನಿಗೂ ಒಂದು ಒಪ್ಪಂದ ಇದ್ದರೆ ಅದು ವೇಷ. ಒಬ್ಬನಿಗೆ ಮಾತ್ರ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದೆ, ಅದರಿಂದ ಇವನಿಗೆ ಲಾಭ ಆದರೆ, ಅದು ಮೋಸ. ಯಾಕೋಬನನ್ನು ನೆನಪು ಮಾಡಿಕೊಳ್ಳಿ. ಅಣ್ಣನ ಬಟ್ಟೆ, ಕೈಗೆ ಮೇಕೆಮರಿ ಚರ್ಮ. ಮುದುಕನಾದ ತಂದೆ ಮುಟ್ಟಿ ನೋಡಿ ನಂಬಿದ. ಅವನಿಗೆ ಸಂಶಯ ಹುಟ್ಟಿಸಿದ್ದು ಸ್ವರ. ಅಲ್ಲಿ ಗಂಡು ಗಂಡಿನ ಬಟ್ಟೆಯನ್ನೇ ಹಾಕಿತ್ತು ನೋಡಿ! ಲಿಂಗ ಬದಲಾಗಲಿಲ್ಲ, ಆದರೂ ಮನೆ ಒಡೆಯಿತು. ತೆಕೋವದ ಹೆಂಗಸೂ ದಾವೀದನ ಮುಂದೆ ವಿಧವೆಯ ವೇಷ ಹಾಕಿದಳು, ಎರಡನೇ ಸಮುವೇಲ 14ರಲ್ಲಿದೆ. ಅರಸನು ಕೇಳಿದ ಕೂಡಲೇ ಯೋವಾಬನೇ ಕಳಿಸಿದ್ದು ಅಂತ ಒಪ್ಪಿಕೊಂಡಳು. ಆ ವೇಷದಿಂದ ಒಬ್ಬ ತಂದೆಯ ಮನಸ್ಸು ಮಗನ ಕಡೆಗೆ ತಿರುಗಿತು.

ಹಾಗಾಗಿ ಹುಡುಗಿ ಕ್ಯಾರೆಕ್ಟರ್, ಹುಡುಗಿ ಹೆಸರು ಇಟ್ಟುಕೊಂಡು, ಮೈಕ್ ಆಫ್ ಮಾಡಿ, ಸಿಹಿಸಿಹಿ ಮೆಸೇಜ್ ಕಳಿಸಿ, ಯಾವನೋ ಹುಡುಗನ ಹತ್ತಿರ ಯುಸಿ, ಡೈಮಂಡ್ ಗಿಫ್ಟ್ ಹಾಕಿಸಿಕೊಳ್ಳೋ ತಮ್ಮಂದಿರೇ, ನಿಮ್ಮ ಸಮಸ್ಯೆ ಲಂಗದ್ದಲ್ಲ. ಅದು ಕಳ್ಳತನ. ಆ ಇನ್ನೊಬ್ಬ ಹುಡುಗ ಕೂಲಿ ದುಡ್ಡು ಹಾಕಿರಬಹುದು, ಅದಕ್ಕಿಂತ ಹೆಚ್ಚಾಗಿ ಮನಸ್ಸು ಹಾಕಿರಬಹುದು. ಇಲ್ಲಿ ನಗೋರು ನಗಬೇಡಿ.

ಈಗ ತೆರೆದಿಟ್ಟ ಅಧ್ಯಾಯ. ಯಾರೊಬ್ಬಾಮನ ಮಗನಿಗೆ ಕಾಯಿಲೆ. ಅರಸನು ಹೆಂಡತಿಗೆ ವೇಷ ಬದಲಿಸಿಕೊಂಡು ಶೀಲೋವಿಗೆ ಹೋಗು ಅಂತಾನೆ. ಹತ್ತು ರೊಟ್ಟಿ, ಒಂದು ಕುಡಿಕೆ ಜೇನು ಹಿಡ್ಕೊಂಡು ಹೋಗ್ತಾಳೆ. ಪ್ರವಾದಿ ಅಹೀಯನಿಗೆ ವಯಸ್ಸಾಗಿ ಕಣ್ಣು ಕಾಣಿಸ್ತಿರಲಿಲ್ಲ. ಕಣ್ಣೇ ಕಾಣದವನ ಹತ್ತಿರ ವೇಷ ಹಾಕ್ಕೊಂಡು ಹೋದಳು ಪಾಪ! ದೇವರು ಅವನಿಗೆ ಮೊದಲೇ ತಿಳಿಸಿದ್ದನು. ಬಾಗಿಲಲ್ಲಿ ಅವಳ ಹೆಜ್ಜೆಯ ಸಪ್ಪಳ ಕೇಳಿದ್ದೇ ತಡ, ಅರಸನ ಹೆಂಡತಿ ಅಂತಲೇ ಒಳಗೆ ಕರೆದ.

ಬಿಜಿಎಂಐ ಆಡೋರಿಗೆ ಇದು ಚೆನ್ನಾಗಿ ಗೊತ್ತು. ಹೆಡ್‌ಫೋನ್ ಹಾಕ್ಕೊಂಡು ಎಲ್ಲಕ್ಕಿಂತ ಮೊದಲು ಕೇಳೋದು ಏನು? ಫುಟ್‌ಸ್ಟೆಪ್. ಗೋಡೆ ಆಚೆ ಇರೋನು ಯಾವ ಬಟ್ಟೆ ಹಾಕಿದ್ದರೂ ಹೆಜ್ಜೆ ಅವನನ್ನು ಹಿಡಿದುಕೊಡ್ತದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಗೇಮ್‌ನಲ್ಲಿ 375 ಜನರನ್ನು ಆಡಿಸಿ ನೋಡಿದರು. ಗಂಡಸರಲ್ಲಿ ನೂರಕ್ಕೆ 23 ಜನ ಹೆಣ್ಣು ಪಾತ್ರ ತಗೊಂಡರು, ಹೆಂಗಸರಲ್ಲಿ ನೂರಕ್ಕೆ 7 ಜನ ಗಂಡು ಪಾತ್ರ. ಹೆಣ್ಣಾದ ಗಂಡಸರು ಮಾತನ್ನು ಸ್ವಲ್ಪ ಬದಲಿಸಿಕೊಂಡಿದ್ದರು, ಭಾವ ಜಾಸ್ತಿ ತೋರಿಸ್ತಿದ್ದರು. ನಡಿಗೆ ಮಾತ್ರ ಬದಲಾಗಲಿಲ್ಲ. ಹೆಂಗಸರಿಗಿಂತ ಹೆಚ್ಚು ಜಿಗಿದರು, ಹೆಚ್ಚು ಹಿಂದಕ್ಕೆ ಸರಿದರು, ಗುಂಪಿನಿಂದ ದೂರ ನಿಂತರು. ಅಹೀಯನು ಕೇಳಿದ್ದು ಇದನ್ನೇ. ನಮ್ಮ ವೇಷ ದೇವರಿಗೆ ಅಡ್ಡ ಬರೋದಿಲ್ಲ. ಆತನು ಕೇಳೋದು ನೀನು ಆ ವೇಷದೊಳಗೆ ಹೇಗೆ ನಡೀತೀಯ ಅಂತ.

ಇಷ್ಟಕ್ಕೇ ಮುಗಿಸಿದ್ದರೆ ಸುಲಭ ಇತ್ತು. ಚೀಟಿಯಲ್ಲಿ ಎರಡನೇ ಪ್ರಶ್ನೆ ಇತ್ತಲ್ಲ, ಹುಡುಗಿ ಹುಡುಗನ ಕ್ಯಾರೆಕ್ಟರ್ ತಗೊಂಡರೆ? ಇದನ್ನು ಹೇಳೋಕೆ ಆ ತಂಗಿ ಒಪ್ಪಿಗೆ ಕೊಟ್ಟಿದ್ದಾಳೆ. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ರಾತ್ರಿ ಊಟ ಆದ ಮೇಲೆ ಆಡ್ತಾಳೆ, ನನಗಿಂತ ಚೆನ್ನಾಗಿ ಆಡ್ತಾಳೆ ಅಂತ ನನ್ನ ಮಗನೇ ಹೇಳ್ತಾನೆ. ಮೊದಮೊದಲು ತನ್ನ ಹೆಸರಿಟ್ಟುಕೊಂಡು ಹುಡುಗಿಯಾಗೇ ಆಡಿದಳು. ಮೈಕ್ ಆನ್ ಮಾಡಿದ ಕೂಡಲೇ ಶುರುವಾಗೋದು. ನಂಬರ್ ಕೊಡು, ಫೋಟೋ ಕಳಿಸು, ಹೋಗಿ ಅಡುಗೆ ಮಾಡು. ಇಲ್ಲಿ ಹೇಳೋಕಾಗದ ಮಾತುಗಳೂ ಇದ್ದವು. ಅವಳು ಗಂಡು ಹೆಸರಿಟ್ಟು, ಗಂಡು ಆಕೃತಿ ತಗೊಂಡು, ಮೈಕ್ ಮುಚ್ಚಿಬಿಟ್ಟಳು. "ಆವತ್ತಿಂದ ನೆಮ್ಮದಿ ಅಮ್ಮ" ಅಂತ ನನ್ನ ಹೆಂಡತಿ ಹತ್ತಿರ ಹೇಳಿದಳು. "ಪಾಪಾನಾ?" ಅಂತಲೂ ಕೇಳಿದಳು. ಚೀಟಿ ಹಾಕಿದ್ದು ಅವಳೇ.

ಒಂದು ರಾತ್ರಿ ನಾಲ್ಕು ಜನರ ಸ್ಕ್ವಾಡ್‌ನಲ್ಲಿ ಅವಳ ಜೊತೆ ಇಬ್ಬರು ಪರಿಚಯದವರು ಸೇರಿಕೊಂಡರು. ಅವರಿಗೆ ಇವಳು ಯಾರು ಅಂತ ಗೊತ್ತಿಲ್ಲ, ಯಾವನೋ ಹುಡುಗ ಅಂದುಕೊಂಡಿದ್ದಾರೆ. ನಾಲ್ಕನೆಯವಳು ಬೇರೆ ಊರಿನ ಹುಡುಗಿ, ಸ್ವಂತ ದನಿಯಲ್ಲಿ ಮಾತಾಡ್ತಿದ್ದಳು. ಆ ಇಬ್ಬರು ಆ ಹುಡುಗಿಗೆ ಏನೇನು ಅಂದರು ಅನ್ನೋದನ್ನು ನಮ್ಮ ತಂಗಿ ನನ್ನ ಹೆಂಡತಿಗೆ ಪೂರ್ತಿ ಹೇಳಲಿಲ್ಲ. ಆ ಸ್ವರಗಳನ್ನು ಮಾತ್ರ ಗುರುತು ಹಿಡಿದಳು. ಯಾಕಂದ್ರೆ ಆ ಸ್ವರಗಳನ್ನು ಅವಳು ಭಾನುವಾರ ಕೇಳ್ತಾಳೆ. ಇಲ್ಲೇ. ಈ ಮೈಕ್‌ನಲ್ಲೇ.

ನಾನು ಯಾರ ಕಡೆಗೂ ಕೈ ತೋರಿಸೋದಿಲ್ಲ. ಒಂದು ಸಲ ತೋರಿಸಿ ಸಾಕಾಗಿದೆ. ಆದರೆ ನೀವೇ ಹೇಳಿ, ಅಲ್ಲಿ ವೇಷ ಹಾಕಿದ್ದು ಯಾರು? ಹೆದರಿ ಗಂಡು ಹೆಸರಿನ ಹಿಂದೆ ಅಡಗಿದ ತಂಗಿಯಾ? ಅಥವಾ ಶನಿವಾರ ರಾತ್ರಿ ಹಾಗೆ ಮಾತಾಡಿ ಭಾನುವಾರ ಕೈ ಎತ್ತಿ ಆರಾಧನೆ ನಡೆಸಿದವರಾ? ಅಡಗೋದು ಪಾಪ ಆಗಿದ್ದರೆ ಗುಹೆಯಲ್ಲಿ ಅಡಗಿದ ದಾವೀದನೂ ಪಾಪಿ. ನಾವು ಅವನನ್ನು ಕೇಳೋದಿಲ್ಲ, ಸೌಲನನ್ನು ಕೇಳ್ತೀವಿ. ಆ ತಂಗಿಗೆ ನನ್ನ ಉತ್ತರ: ನಿನ್ನ ಮೇಲೆ ಪಾಪ ಇಲ್ಲಮ್ಮ. ನೀನು ನಿನ್ನ ಹೆಸರಿನಲ್ಲಿ ಆಡೋಕಾಗದ ಹಾಗೆ ಮಾಡಿದವರ ಮೇಲಿದೆ. ಅವರನ್ನು ಬೆಳೆಸಿದ ಸಭೆಯ ಮೇಲೂ ಇದೆ, ಅಂದರೆ ನನ್ನ ಮೇಲೂ ಇದೆ. ಹುಡುಗಿಯರ ಉಡುಪಿನ ಬಗ್ಗೆ ಈ ಪೀಠದಿಂದ ಎಷ್ಟು ಸಲ ಮಾತಾಡಿದ್ದೀನಿ, ನಿಮಗೆ ಲೆಕ್ಕ ಇರಬಹುದು. ಹುಡುಗರ ನಾಲಿಗೆ ಬಗ್ಗೆ ಎಷ್ಟು ಸಲ ಮಾತಾಡಿದ್ದೀನಿ ಅಂತ ನೆನಪು ಮಾಡಿಕೊಂಡೆ. ಯಾಕೋಬನ ಪತ್ರಿಕೆ ತೆಗೆದಾಗ ಒಂದೆರಡು ಸಲ.

ಇನ್ನು ಆ ತಮ್ಮ. ನಾನು ಲಂಗದವನು ಅಂತ ನಗಿಸಿದ ತಮ್ಮ. ಅವನು ಯಾಕೆ ಆ ಪಾತ್ರ ತಗೊಂಡಿದ್ದ ಅಂತ ನಾನು ಕೇಳಿರಲೇ ಇಲ್ಲ. ಈಚೆಗೆ ಅವನ ಸ್ನೇಹಿತ ಹೇಳಿದ. ಅಪ್ಪ ತೀರಿಕೊಂಡ ವರ್ಷ ಅದು. ಮಣ್ಣು ಮಾಡಿದ ದಿನದಿಂದ ಎಲ್ಲರೂ ಅವನಿಗೆ ಒಂದೇ ಮಾತು ಹೇಳ್ತಿದ್ದರು, ಗಂಡುಮಗ ನೀನು, ಅಳಬೇಡ, ಮನೆ ನೋಡ್ಕೊ ಅಂತ. ನಾನೂ ಹೇಳಿದ್ದೆ, ಸಮಾಧಿ ಪಕ್ಕದಲ್ಲೇ ನಿಂತು. ಲಾಜರನ ಸಮಾಧಿಯ ಹತ್ತಿರ ನಮ್ಮ ಕರ್ತನು ಕಣ್ಣೀರಿಟ್ಟದ್ದನ್ನು ಅದೇ ದಿನ ಓದಿ, ಅದೇ ದಿನ ಹಾಗೆ ಹೇಳಿದ್ದೆ. ಗೇಮ್‌ನಲ್ಲಿ ಹುಡುಗಿಯಾಗಿದ್ದಾಗ ಕೆಲವರಾದರೂ ಮೆತ್ತಗೆ ಮಾತಾಡ್ತಿದ್ದರಂತೆ. ಊಟ ಆಯ್ತಾ, ಯಾಕೆ ಡಲ್ ಇದ್ದೀಯ ಅಂತ ಕೇಳ್ತಿದ್ದರಂತೆ. ಗಂಡಾಗಿದ್ದಾಗ ಯಾರೂ ಕೇಳ್ತಿರಲಿಲ್ಲ. ಆ ಮೆತ್ತನೆ ಮಾತಿನ ಹಿಂದೆಯೂ ಮೋಸ ಇತ್ತೇನೋ, ನಾನು ಅದನ್ನು ಸರಿ ಅನ್ನೋದಿಲ್ಲ. ಆದರೆ ಅವನಿಗೆ ಊಟ ಆಯ್ತಾ ಅಂತ ಕೇಳಬೇಕಾಗಿದ್ದವನು ನಾನು.

ಇಲ್ಲಿ ಯಾರಿಗಾದರೂ ಇದು ಬರೀ ಆಟ ಅಲ್ಲ, ತನ್ನ ಮೈ, ತನ್ನ ಮನಸ್ಸಿನದೇ ದೊಡ್ಡ ಹೋರಾಟ ಆಗಿದ್ದರೆ, ನನ್ನ ಹತ್ತಿರ ಬನ್ನಿ. ಅರ್ಧ ನಿಮಿಷದ ಉತ್ತರ ಕೊಡಲ್ಲ. ಯಾರ ಮುಂದೆಯೂ ಹೇಳಲ್ಲ.

ಮೊನ್ನೆ ಆ ತಮ್ಮನಿಗೆ ಫೋನ್ ಮಾಡಿದೆ. ಈಗ ಗುಂಡ್ಲುಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ. ನಿನ್ನನ್ನು ನೋಡಬೇಕು ಅಂದೆ. "ಬನ್ನಿ ಸಾರ್, ರಾತ್ರಿ ಒಂಬತ್ತರವರೆಗೂ ಅಂಗಡಿ ತೆಗೆದಿರ್ತದೆ" ಅಂದ. ಸಾರ್ ಅಂದ. ಮುಂಚೆ ಪಾಸ್ಟರಣ್ಣ ಅನ್ನೋನು. ಬುಧವಾರ ಸಾಯಂಕಾಲದ ಬಸ್ಸಿಗೆ ಹೋಗ್ತಿದ್ದೀನಿ, ಕ್ಷಮೆ ಕೇಳೋಕೆ. ಅದಕ್ಕಾಗಿ ಪ್ರಾರ್ಥಿಸಿ. ಆ ಇಬ್ಬರು ತಮ್ಮಂದಿರಿಗೆ ತಮ್ಮ ಸ್ವರ ತಮಗೇ ಗುರುತು ಸಿಕ್ಕಿದ್ದರೆ, ಕೂಟ ಮುಗಿದ ಮೇಲೆ ನಾನು ಹಿಂದಿನ ಕೋಣೆಯಲ್ಲಿರ್ತೀನಿ. ಬಾಗಿಲು ಚಿಲಕ ಹಾಕಿರಲ್ಲ. ಮುಂದಿನ ಭಾನುವಾರ ಆರಾಧನೆ ಯಾರು ನಡೆಸಬೇಕು ಅನ್ನೋದನ್ನು ಆಮೇಲೆ ನೋಡೋಣ.

ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.